ಎದುರು ಕೋಲು

ಕೋಲು ಜಾರಿ ಬೆರಳಿಗೆ ಬಿತ್ತು. ವೆಂಕಟರತ್ನಮ್ಮ ಹಲ್ಲು ಕಚ್ಚಿದಳೇ ಹೊರತು ಹಿಡಿತ ಬಿಡಲಿಲ್ಲ. ಮುನಿಗಂಗಮ್ಮ ಮುಂದಿನ ಏಟಿಗೆ ಆಗಲೇ ಕೈ ಎತ್ತಿದ್ದಳು.

"ನಿಧಾನ, ನಿಧಾನ! ಕೋಲಾಟ ಕಣ್ರಮ್ಮಾ ಇದು, ರಾಗಿ ಬಡಿಯೋದಲ್ಲ!" ಸುತ್ತಿನ ಆಚೆಯಿಂದ ಗ್ರಾಮಸೇವಿಕೆ ಶ್ಯಾಮಲಮ್ಮ ಕೂಗಿದಳು.

ಸ್ಕೂಲಿನ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಾಡುತ್ತಿದ್ದ ಮುದುಕಿ ಆದಿಲಕ್ಷ್ಮಮ್ಮ ಎರಡು ಸಾಲಿನ ನಡುವೆ ಉಸಿರು ಎಳೆದುಕೊಂಡು, "ಬಡೀಲಿ ಬಿಡಮ್ಮಾ, ಹಂಗಾದ್ರೂ ಸದ್ದು ಬರ್ತದೆ. ಮಿಕ್ಕೋರದು ಸೊಳ್ಳೆ ಹೊಡೆದಂಗೈತೆ" ಎಂದಳು. ಹೆಂಗಸರು ನಕ್ಕರು. ಮುದುಕಿ ಮತ್ತೆ ಹಾಡಿಗೆ ಬಿದ್ದಳು. ಅರ್ಧ ತೆಲುಗು, ಅರ್ಧ ಕನ್ನಡ, ನಡುನಡುವೆ ಮರೆತುಹೋದ ಕಡೆ ಬರೀ ರಾಗ.

ನಗದೇ ಇದ್ದವರು ಇಬ್ಬರೇ. ಅವರು ಎದುರುಬದುರಾಗಿದ್ದರು. ಕೋಲು ಕೋಲಿಗೆ ತಗುಲಿದಾಗಲೆಲ್ಲ ಮುನಿಗಂಗಮ್ಮನ ತುಟಿ ಅಲ್ಲಾಡುತ್ತಿತ್ತು. ಬಲಕ್ಕೆ ಏಟು: "ಹೇಳಿದ್ನಾ?" ಎಡಕ್ಕೆ ಏಟು: "ಇಲ್ವಾ?" ಹಾಡಿನಲ್ಲಿ, ಕೋಲಿನ ಸದ್ದಿನಲ್ಲಿ ಅದು ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಕೇಳಬೇಕಾದವಳಿಗೆ ಕೇಳುತ್ತಿತ್ತು. ಅದಕ್ಕೇ ಅವಳ ತಾಳ ತಪ್ಪುತ್ತಿತ್ತು, ಬೆರಳು ಏಟಿಗೆ ಸಿಕ್ಕುತ್ತಿತ್ತು.

ತಿಂಗಳ ಕೊನೆಗೆ ಕೋಲಾರದಲ್ಲಿ ಮಹಿಳಾ ಮಂಡಳಿಗಳ ಸ್ಪರ್ಧೆ. ಹುತ್ತೂರಿನ ಆಚೆ ಬೀಳುವ ಈ ಊರಿನಿಂದ ಹೆಂಗಸರ ಗುಂಪೊಂದು ಎಲ್ಲಿಗಾದರೂ ಹೋಗುವುದು ಇದೇ ಮೊದಲು. ಮುಳಬಾಗಿಲ ಕಡೆಯಿಂದ ಹೊಸದಾಗಿ ಬಂದಿದ್ದ ಶ್ಯಾಮಲಮ್ಮ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ಎತ್ತರ ನೋಡಿ ಜೋಡಿ ಮಾಡಿದ್ದಳು. ಇವರಿಬ್ಬರ ತಲೆ ಒಂದೇ ಮಟ್ಟಕ್ಕೆ ಬಂತು. "ಇವರಿಬ್ರೂ ಮಾತಾಡಲ್ಲ ಮೇಡಂ" ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. "ಕೋಲಾಟದಲ್ಲಿ ಮಾತೆಲ್ಲಿದೆ?" ಎಂದು ಶ್ಯಾಮಲಮ್ಮ ಮುಂದಿನ ಜೋಡಿಗೆ ಹೋಗಿಬಿಟ್ಟಳು.

ಮಾತು ನಿಂತು ಎರಡು ವರ್ಷವಾಗಿತ್ತು. ಮುನಿಗಂಗಮ್ಮನ ಮನೆಯ ರೇಷ್ಮೆ ಹುಳು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದ ಹೊತ್ತು ಅದು. ಅವಳು ಬೇಲಿಯ ಹತ್ತಿರ ಹೋಗಿ ಹೇಳಿದ್ದಳು: "ನಮ್ಮ ಹುಳು ಗೂಡು ಕಟ್ಟೋವರೆಗೂ ನಿಮ್ಮ ಟೊಮೆಟೊಗೆ ಔಷಧಿ ಹೊಡೀಬೇಡಿ ಕಣೇ. ಗಾಳಿ ನಮ್ಮ ಸೊಪ್ಪಿನ ಕಡೆಗೇ ಬೀಸ್ತಿದೆ." ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ವೆಂಕಟರತ್ನಮ್ಮ, "ಆಗ್ಲಿ ಅಕ್ಕ" ಎಂದಿದ್ದಳು. ಮಾರನೆಯ ದಿನವೇ ಔಷಧಿ ಬಿತ್ತು. ಅದು ತಿಳಿಯುವ ಹೊತ್ತಿಗೆ ಮುನಿಗಂಗಮ್ಮ ಸೊಪ್ಪು ಕೊಯ್ದು ಹುಳುವಿಗೆ ಹಾಕಿಯಾಗಿತ್ತು. ತಟ್ಟೆ ತಟ್ಟೆಯಲ್ಲೂ ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತ ಹಸಿರು ನೀರು ಕಕ್ಕಿದವು. ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದರು.

ಹಿರಿಯರು ಇದೇ ಜಗಲಿಯ ಮೇಲೆ ಸೇರಿದಾಗ ವೆಂಕಟರತ್ನಮ್ಮ ನೆಲ ನೋಡುತ್ತ ಒಂದೇ ಮಾತು ಆಡಿದಳು. "ನಂಗೆ ಯಾರೂ ಏನೂ ಹೇಳಿರ್ಲಿಲ್ಲ." ಹಿರಿಯರು ತಪ್ಪನ್ನು ಗಾಳಿಯ ಮೇಲೆ ಹೊರಿಸಿ ಎದ್ದರು. ಗಾಳಿ ಏನೂ ಹೇಳಲಿಲ್ಲ.

ಬೆರಳಿಗೆ ಏಟು ಬಿದ್ದ ದಿನ ಸಂಜೆ ಮುನಿಗಂಗಮ್ಮ ಸೊಪ್ಪು ಹೆಚ್ಚುತ್ತಿದ್ದಾಗ ಗಂಡ ಚನ್ನರಾಯಪ್ಪ ಹೊಸ್ತಿಲಲ್ಲಿ ಕೂತು ಕೆಮ್ಮಿದ.

"ಅವಳ ಬೆರಳು ಊದಿಕೊಂಡಿದೆಯಂತೆ."

"ಆಟದಲ್ಲಿ ಏಟು ಬೀಳುತ್ತೆ."

"ನಾನೂ ಅವಳ ಗಂಡ ಕೋದಂಡರಾಮಪ್ಪನೂ ಒಂದೇ ಬೆಂಕಿಕಡ್ಡೀಲಿ ಬೀಡಿ ಹಚ್ಕೊಳ್ತೀವಿ. ಅವನಿಗೇ ಸಿಟ್ಟಿಲ್ಲ, ನಂಗೇ ಇಲ್ಲ, ನಿಂದೇನು? ಹೋದ ಬೆಳೆ ಹೋಯ್ತು. ಆಮೇಲೆ ಎಷ್ಟು ಬೆಳೆ ತೆಗೆದಿಲ್ಲ ನಾವು?"

"ಬೆಳೆ ಯಾರು ಕೇಳಿದ್ರು?"

"ಮತ್ತೇನೇ ಬೇಕು ನಿಂಗೆ?"

"ನಾನು ಹೇಳಿದ್ದೆ ಅಂತ ಅವಳು ಹೇಳ್ಬೇಕು. ಅಷ್ಟು ಜನರ ಮುಂದೆ ನನ್ನ ಸುಳ್ಳಿ ಮಾಡಿದ್ಲು."

"ಯಾರು ಅಂದ್ರು ನಿನ್ನ ಸುಳ್ಳಿ ಅಂತ?"

"ಯಾರೂ ಅನ್ಲಿಲ್ಲ. ಎಲ್ಲ ಸುಮ್ನಿದ್ರಲ್ಲ. ನೀವೂ ಸುಮ್ನಿದ್ರಿ."

ಚನ್ನರಾಯಪ್ಪ ಮತ್ತೆ ಕೆಮ್ಮಿ ಎದ್ದುಹೋದ. ಕತ್ತಿಯ ಕೆಳಗೆ ಸೊಪ್ಪು ಬೇಕಾದ್ದಕ್ಕಿಂತ ಸಣ್ಣಗಾಗಿತ್ತು. ಮುನಿಗಂಗಮ್ಮ ಅದನ್ನು ಒಂದು ಕಡೆಗೆ ಸರಿಸಿ ಇನ್ನೊಂದು ಹಿಡಿ ಎಳೆದುಕೊಂಡಳು. ಅವಳಿಗೆ ಈಚೆಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ತಟ್ಟೆಗಳ ಮುಂದೆ ನಿಂತರೂ ಅಂಗಾಲು ತಾಳ ಹಾಕುತ್ತಿತ್ತು. ಎರಡು ವರ್ಷ ವೆಂಕಟರತ್ನಮ್ಮನ ಮುಖ ಬಾವಿಯ ಹತ್ತಿರ ಕಂಡರೆ ತಿರುಗಿಕೊಳ್ಳುತ್ತಿತ್ತು, ಬೀದಿಯಲ್ಲಿ ಕಂಡರೆ ಬಾಗಿಲೊಳಗೆ ಸರಿಯುತ್ತಿತ್ತು. ಶ್ಯಾಮಲಮ್ಮ ಬಂದಾಗಿನಿಂದ ವಾರಕ್ಕೊಂದು ಸಲ ಮಾತುಕತೆಯ ಸಭೆ ಬೇರೆ. ಚಾಪೆ ಹಾಸಿ, ಟೀ ಕೊಟ್ಟು, "ಮನಸ್ಸು ಬಿಚ್ಚಿ ಮಾತಾಡಿ" ಎನ್ನುತ್ತಿದ್ದಳು. ಚರಂಡಿಯ ಬಗ್ಗೆ, ಬೀದಿ ದೀಪದ ಬಗ್ಗೆ, ಹೊಗೆಯಿಲ್ಲದ ಒಲೆಯ ಬಗ್ಗೆ ಎಲ್ಲರೂ ಮನಸ್ಸು ಬಿಚ್ಚಿದರು. ಇವರಿಬ್ಬರು ಚಾಪೆಯ ಆ ತುದಿಗೊಬ್ಬಳು, ಈ ತುದಿಗೊಬ್ಬಳು. ಕೋಲಾಟದಲ್ಲಿ ಮಾತ್ರ ಆ ಮುಖ ಒಂದು ಮೊಳದ ದೂರಕ್ಕೆ ಬಂದಿತ್ತು. ಅಲ್ಲಿ ತಿರುಗಿಕೊಳ್ಳಲು ಆಗುವುದಿಲ್ಲ. ಎದುರಿನವಳ ಕೋಲು ಎಲ್ಲಿ ಬರುತ್ತದೆಂದು ನೋಡಲೇಬೇಕು.

ಮಾರನೆಯ ದಿನ ಮಧ್ಯಾಹ್ನದ ಸೊಪ್ಪು ಹಾಕಿ ಕೈ ತೊಳೆದು ಹೆಂಗಸರೆಲ್ಲ ಬಂದರು. ವೆಂಕಟರತ್ನಮ್ಮನ ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿತ್ತು. ಅವಳು ಬರುವುದಿಲ್ಲ ಎಂದುಕೊಂಡಿದ್ದ ಮುನಿಗಂಗಮ್ಮನಿಗೆ ಅವಳನ್ನು ನೋಡಿ ಸಮಾಧಾನವಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ. ಆದಿಲಕ್ಷ್ಮಮ್ಮ ಹಾಡು ಎತ್ತಿದಳು. ಸುತ್ತು ತಿರುಗತೊಡಗಿತು.

"ಹೇಳಿದ್ನಾ?"

ಟಕ್.

"ಇಲ್ವಾ?"

ಟಕ್.

ಕಾಂಪೌಂಡಿನ ಆಚೆ ಸೈಕಲ್ಲೊಂದು ನಿಂತಿತು. ಮಾರ್ಕೆಟ್ಟಿಗೆ ಟೊಮೆಟೊ ಹಾಕಿ ಖಾಲಿ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ ಕೋದಂಡರಾಮಪ್ಪ, ವೆಂಕಟರತ್ನಮ್ಮನ ಗಂಡ, ಒಂದು ಕಾಲು ನೆಲಕ್ಕೆ ಊರಿ ಹೆಂಡತಿಯ ಕುಣಿತ ನೋಡುತ್ತ ನಿಂತ. ವೆಂಕಟರತ್ನಮ್ಮನ ಬೆನ್ನು ಅತ್ತ ಇತ್ತು. ಹಾಡು ಮೇಲಕ್ಕೇರಿತು. ಎಲ್ಲರ ಕೋಲು ಜೋರಾಯಿತು. ಆ ಗದ್ದಲದ ನಡುವೆ ಅವಳ ತುಟಿ ಬಿಚ್ಚಿತು.

"ಹೇಳಿದ್ದೆ ಅಕ್ಕ."

ಟಕ್.

"ನೀನು ಹೇಳಿದ್ದೆ. ಮನೇಲಿ ಹೇಳ್ದೆ ನಾನು."

ಟಕ್.

"ಇವರು ಕೇಳ್ಲಿಲ್ಲ. ಜಗಲಿ ಮೇಲೆ ಬಾಯಿ ಬಿಟ್ರೆ ತೌರಿಗೆ ಕಳಿಸ್ತೀನಿ ಅಂದ್ರು."

ಮುನಿಗಂಗಮ್ಮನ ಕೋಲು ಗಾಳಿಯಲ್ಲೇ ನಿಂತಿತು. ಪಕ್ಕದ ಜೋಡಿ ಬಂದು ಅವಳ ಬೆನ್ನಿಗೆ ಡಿಕ್ಕಿ ಹೊಡೆಯಿತು. ಸುತ್ತು ಮುರಿಯಿತು.

"ಜೋರಾಗಿ ಹೇಳು" ಎಂದಳು ಮುನಿಗಂಗಮ್ಮ. ಅದು ಕೂಗಿನಂತೆಯೇ ಬಂತು. "ಈಗ ಅಂದ್ಯಲ್ಲ, ಅದನ್ನೇ. ಎಲ್ಲರಿಗೂ ಕೇಳೋ ಹಾಗೆ ಹೇಳು!"

ಹಾಡು ನಿಂತಿತು. ವೆಂಕಟರತ್ನಮ್ಮ ಸುತ್ತ ನೋಡಿದಳು. ಆಗ ಕಾಂಪೌಂಡಿನ ಮೇಲೆ ಗಂಡನ ಮುಖ ಕಂಡಿತು. ಬಟ್ಟೆ ಸುತ್ತಿದ ಕೈಯಿಂದ ಕೋಲು ಜಾರಿ ಕೆಳಗೆ ಬಿತ್ತು.

"ಏನಂತೆ ಹೇಳ್ಬೇಕಾದ್ದು?" ಕೋದಂಡರಾಮಪ್ಪ ಸೈಕಲ್ಲು ಗೋಡೆಗೆ ಒರಗಿಸಿ ಒಳಗೆ ಬಂದ. "ಮೇಡಂ, ಇದು ಕೋಲಾಟವೋ, ಗರಡಿ ಮನೆಯೋ? ಇವಳ ಕೈ ನೋಡಿ, ಬದನೆಕಾಯಿ ಆಗಿದೆ. ರಾತ್ರಿ ಮುದ್ದೆ ತೊಳಸೋಕೂ ಆಗ್ಲಿಲ್ಲ."

"ಹಾಗಾದ್ರೆ ನೀನೇ ತೊಳಸ್ಬೇಕಿತ್ತು ಕಣಪ್ಪ" ಎಂದಳು ಆದಿಲಕ್ಷ್ಮಮ್ಮ ಜಗಲಿಯಿಂದ. ಯಾರೂ ನಗಲಿಲ್ಲ.

ಶ್ಯಾಮಲಮ್ಮ ಓಡಿಬಂದು ನಡುವೆ ನಿಂತಳು. ಸ್ಪರ್ಧೆ ಅವಳ ಕಣ್ಣ ಮುಂದೆಯೇ ಕೈತಪ್ಪುವ ಹಾಗಿತ್ತು. "ಜಗಳ ಬೇಡ, ಜಗಳ ಬೇಡ. ತಪ್ಪು ನಂದೇ. ಜೋಡಿ ಬದಲಾಯಿಸಿಬಿಡೋಣ. ಎತ್ತರ ಒಂಚೂರು ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ. ವೆಂಕಟರತ್ನಮ್ಮ, ನೀವು ಭಾರತಮ್ಮನ ಎದುರಿಗೆ ಬನ್ನಿ. ಅವರದು ಮೆತ್ತನೆ ಕೈ."

"ಬಾರೇ, ಬಾ" ಎಂದು ಗಿಡ್ಡ ಭಾರತಮ್ಮ ಆಗಲೇ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಅದೇ ಸರಿ. ಹೋಗು ಆ ಕಡೆ" ಎಂದ ಕೋದಂಡರಾಮಪ್ಪ.

ಮುನಿಗಂಗಮ್ಮನ ಕೈ ಕೆಳಗಿಳಿಯಿತು. ಬೇಕಾದರೆ ತಾನೇ ಎಲ್ಲವನ್ನೂ ಹೇಳಿಬಿಡಬಹುದು: ಇವಳು ಒಪ್ಪಿಕೊಂಡಳು, ಈ ಕಿವಿಯಿಂದ ಕೇಳಿದೆ. ಹೇಳಿದರೆ ಮತ್ತೆ ಎಲ್ಲರೂ ಸುಮ್ಮನಾಗುತ್ತಾರೆ. ಇವಳು ಮತ್ತೆ ನೆಲ ನೋಡುತ್ತಾಳೆ. ಸುತ್ತಿನ ಆ ಬದಿಗೆ ಹೋದರೆ ಮುಗಿಯಿತು, ಇನ್ನು ಆ ಮುಖ ಎಂದೂ ಎದುರಿಗೆ ಬರುವುದಿಲ್ಲ. ತಾನು ಗೆದ್ದೆನೋ ಸೋತೆನೋ ಅವಳಿಗೆ ಗೊತ್ತಾಗಲಿಲ್ಲ. ಬಿಸಿಲು ಅಂಗಾಲು ಸುಡುತ್ತಿತ್ತು.

ವೆಂಕಟರತ್ನಮ್ಮ ಹೋಗಲಿಲ್ಲ. ಬಾಗಿ, ಬಿದ್ದಿದ್ದ ಕೋಲನ್ನು ಎತ್ತಿಕೊಂಡಳು. ಬೆರಳಿನ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಊದಿದ ಬೆರಳು ಕೋಲಿನ ಸುತ್ತ ಸರಿಯಾಗಿ ಮಡಚಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಒತ್ತಿ ಮಡಚಿದಳು.

"ಬನ್ನಿ ವೆಂಕಟರತ್ನಮ್ಮ, ಹೊತ್ತಾಗ್ತಿದೆ" ಎಂದಳು ಶ್ಯಾಮಲಮ್ಮ.

"ನಾನು ಬರಲ್ಲ ಮೇಡಂ."

"ಏನಂದೆ?" ಕೋದಂಡರಾಮಪ್ಪ ಒಂದು ಹೆಜ್ಜೆ ಮುಂದಿಟ್ಟ.

ಅವಳು ಗಂಡನ ಕಡೆ ನೋಡಲಿಲ್ಲ. ಮುನಿಗಂಗಮ್ಮನ ಎದುರು, ಒಂದು ಮೊಳದ ದೂರದಲ್ಲಿ, ಪಾದ ಊರಿ ನಿಂತಳು.

"ಜೋಡಿ ಬದಲಾಯಿಸಲ್ಲ ಅಂದೆ."