ಒಳಸುತ್ತು

ಪರದೆಯ ಮೇಲಿನ ಆ ಕೈಗಳು ಯಾರವು, ಎಷ್ಟು ದೊಡ್ಡದು ಮಾಡಿ ತೋರಿಸಿದ್ದಾರೆ, ಬಾಳೆನಾರು ಹಗ್ಗದಷ್ಟು ದಪ್ಪ, ಮಲ್ಲಿಗೆ ಮೊಗ್ಗು ಸೌತೆಕಾಯಿಯಷ್ಟು, ಅಯ್ಯೋ, ಎಡಗೈಯ ತೋರುಬೆರಳು ಮಡಚಿಲ್ಲ, ನನ್ನವೇ, ಫೋಟೋವನ್ನು ಮಣಿಕಟ್ಟಿನಲ್ಲಿ ಕತ್ತರಿಸಿದ್ದಾರೆ, ಅಂಚಿನಲ್ಲಿ ಹಸಿರು ಬಳೆ ಅರ್ಧ ಉಳಿದಿದೆ — ಆಂಟೀ, ನಿಮ್ಮ ಹ್ಯಾಂಡ್ಸ್, ನೀವು ಫೇಮಸ್ ಆದ್ರಿ, ಎಂದು ಪಕ್ಕದ ಮೋಕ್ಷಾ ಮೊಣಕೈಯಿಂದ ತಿವಿಯುತ್ತಾಳೆ, ಝೀನಮ್ಮನ ವಿದ್ಯಾರ್ಥಿನಿ, ದೋಹಾದಲ್ಲೇ ಹುಟ್ಟಿದವಳು, ಝೀನಮ್ಮ ಅನ್ನುವುದು ನಾನು ಮಾತ್ರ, ಬಾಗಿಲ ಬಳಿಯ ಫಲಕದಲ್ಲಿ ಪ್ರೊಫೆಸರ್ ಝಿನೈಡಾ ಗ್ರಾನೋವ್ಸ್ಕಯಾ ಎಂದಿದೆ, ಗಂಟುಗಳ ಗಣಿತ, ನಿವೃತ್ತಿಯ ಭಾಷಣ, ವಾರಿ, ನೀನು ಮುಂದಿನ ಸಾಲಿನಲ್ಲೇ ಕೂರಬೇಕು ಎಂದು ಬೆಳಿಗ್ಗೆ ಅಲ್ ಅಜೀಜಿಯಾದ ಮನೆಯಲ್ಲಿ ದೋಸೆ ತಿನ್ನುತ್ತಾ ಹೇಳಿದ್ದರು, ಹನ್ನೊಂದು ವರ್ಷ ನನ್ನ ಕೈಯಡುಗೆ ಉಂಡವರು, ಮುಶೈರಿಬ್‌ನ ಈ ಸಭಾಂಗಣದಲ್ಲಿ ಎಷ್ಟು ಚಳಿ, ಈಗ ತಮ್ಮ ಬದುಕು ಹೇಳುತ್ತಿದ್ದಾರೆ, ಲೆನಿನ್‌ಗ್ರಾಡ್, ಹದಿನೇಳರ ಹುಡುಗಿ, ಯೆಹೂದಿ ಎಂದು ಪರೀಕ್ಷೆಯಲ್ಲಿ ಯಾರೂ ಬಿಡಿಸಲಾಗದ ಲೆಕ್ಕ ಕೊಟ್ಟು ನಪಾಸು ಮಾಡಿದ್ದು, ಸಣ್ಣ ಕಾಲೇಜಿನಲ್ಲಿ ಓದಿದ್ದು, ಎರಡು ಪೆಟ್ಟಿಗೆ ಹಿಡಿದು ಅಮೆರಿಕಕ್ಕೆ ಹೋದದ್ದು, ಓಹಾಯೊದಲ್ಲಿ ಇಪ್ಪತ್ತು ವರ್ಷ ಪಾಠ, ಆಮೇಲೆ ಈ ಮರಳುನಾಡು — ಒಂದನ್ನು ಹೇಳಲಿಲ್ಲ, ಅವರ ಮೊದಲ ಪ್ರಮೇಯವನ್ನು ಗುರು ತನ್ನ ಹೆಸರಲ್ಲಿ ಅಚ್ಚು ಹಾಕಿಸಿದ್ದು, ಅದು ನನಗೆ ಮಾತ್ರ ಹೇಳಿದ್ದು, ಅಡುಗೆಮನೆಯ ನೆಲದಲ್ಲಿ ಕೂತು ಅತ್ತರು, ಹೆಸರು ಅಳಿಸಿದರೆ ಮನುಷ್ಯರನ್ನೇ ಅಳಿಸಿದ ಹಾಗೆ ವಾರಿ, ನಾನು ಬಿಸಿನೀರು ಕೊಟ್ಟೆ, ಬೆನ್ನು ಸವರಿದೆ — ಇನ್ನೊಂದು ದಿನ ಅದೇ ನೆಲದಲ್ಲಿ ಕೂತು ಊರಿಂದ ಶುಕ್ರವಾರದ ವಿಮಾನದಲ್ಲಿ ಬಂದ ಮೊಗ್ಗು ಕಟ್ಟುತ್ತಿದ್ದೆ, ಚಹಾಕ್ಕೆ ಬಂದ ಝೀನಮ್ಮ ನಿಂತರು, ಅಲ್ಲಿ ಏನು ಮಾಡಿದೆ, ಇನ್ನೊಮ್ಮೆ, ನಿಧಾನ, ಏನಿಲ್ಲ ಝೀನಮ್ಮ, ಒಳಸುತ್ತು, ಹೆಸರೂ ನಾನೇ ಇಟ್ಟದ್ದು, ನಮ್ಮೂರು ಶಂಕರಪುರದಲ್ಲಿ ಎಲ್ಲರೂ ನಾರನ್ನು ಹೊರಗಿನಿಂದ ಸುತ್ತುತ್ತಾರೆ, ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಹನ್ನೆರಡನೇ ವಯಸ್ಸಿನಲ್ಲಿ ಕತ್ತಿ ತಾಗಿ ನನ್ನ ಬೆರಳು ಸೆಟೆದುಹೋಯಿತು, ಮಡಚದ ಬೆರಳಿಗೆ ನಾರು ಒಳಗಿನಿಂದಲೇ ಬರಬೇಕು, ಎಂಥದಾ ಇದು ಮಾರಾಯ್ತಿ, ಊರಲ್ಲಿ ಇಲ್ಲದ ಕಟ್ಟು ನಿಂದು, ಎಂದು ಅಮ್ಮ ಬೈದಳು, ಆದರೆ ಮಧ್ಯದಲ್ಲಿ ಕತ್ತರಿಸಿದರೂ ನನ್ನ ಮಾಲೆ ಬಿಚ್ಚಿಕೊಳ್ಳುವುದಿಲ್ಲ, ಎಲ್ಲಿ ಕತ್ತರಿಸಿದರೂ, ಝೀನಮ್ಮ ಮೂರು ತಿಂಗಳು ಪೆನ್ಸಿಲ್ ಹಿಡಿದು ಎದುರಿಗೆ ಕೂತರು, ಫೋಟೋ ತೆಗೆದರು, ಆ ಫೋಟೋದಲ್ಲಿ ನನ್ನ ಮುಖವಿತ್ತು, ಹಲ್ಲು ಕಾಣುವಷ್ಟು ನಗುತ್ತಿದ್ದೆ, ತೋರಿಸಿದ್ದರಲ್ಲ — ಪರದೆ ಬದಲಾಯಿತು, ಅಕ್ಷರ, ನನಗೆ ಇಂಗ್ಲಿಷ್ ಓದಲು ಬರುವುದು ಝೀನಮ್ಮನಿಗೆ ಗೊತ್ತಿಲ್ಲ, ಐವತ್ತೆಂಟು ದಾಟಿದ ಮೇಲೆ ಜೂಲಿಯೆಟ್ ಟೀಚರ ಸಂಜೆ ತರಗತಿಯಲ್ಲಿ ಒಂದೊಂದೇ ಅಕ್ಷರ ಕೂಡಿಸಿದವಳು ನಾನು, ಟ್ರೆ-ಡಿಷ-ನಲ್, ಸರಿ, ಅ-ನಾ-ನಿ-ಮಸ್, ಅದೂ ಪಾಠದಲ್ಲಿತ್ತು, ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲದಿದ್ರೆ ಹಾಗೆ ಹಾಕುದು ವಾರಿಜಾಕ್ಷಿಯಮ್ಮ, ಎಂದಿದ್ದರು ಟೀಚರು, ಯಾರಿಗೂ ಗೊತ್ತಿಲ್ಲದಿದ್ದರೆ — ಆಂಟೀ, ಕೋಲ್ಡ್ ಆಗ್ತಾ ಇದ್ಯಾ, ಶಾಲು ಕೊಡ್ಲಾ, ಬೇಡ ಮಗಾ, ಮುಂದಿನ ಪರದೆಯಲ್ಲಿ ಬರಬಹುದು, ಕಾಯುತ್ತೇನೆ, ಕೊನೆಯಲ್ಲಿ ಎಲ್ಲರ ಹೆಸರು ಹಾಕುತ್ತಾರೆ, ಬಂತು, ಅವರ ಗಂಡ, ಓಹಾಯೊದ ಗೆಳತಿ, ಮೋಕ್ಷಾ, ಖಲಾಸ್, ಚಪ್ಪಾಳೆ, ನಾನೂ ತಟ್ಟುತ್ತಿದ್ದೇನೆ, ಹಿಂದಿನಿಂದ ಯಾರೋ ಎದ್ದು ಕೇಳುತ್ತಾನೆ, ಮೇಡಂ, ಇದನ್ನು ಮೊದಲು ಕಟ್ಟಿದವರು ಯಾರು, ಝೀನಮ್ಮ ನನ್ನನ್ನು ನೋಡಿದರು, ನೆಟ್ಟಗೆ, ನನ್ನನ್ನೇ, ಏಳಬೇಕಾದೀತು ಎಂದು ಸೆರಗು ಎಳೆದುಕೊಂಡೆ, ಕಾಲಲ್ಲಿ ಚಪ್ಪಲಿ ಹುಡುಕಿದೆ — ನೋಬಡಿ, ಅಂದರು, ಯಾರೂ ಅಲ್ಲ, ಇಂಥವೆಲ್ಲ ತಾವಾಗಿಯೇ ಹುಟ್ಟುತ್ತವೆ, ನೀರು ಕುಡಿದರು, ವಿವರಿಸಲೆಂದು ಆ ಚಿತ್ರವನ್ನೇ ಮತ್ತೆ ತಂದರು, ಮೊಗ್ಗು, ನಾರು, ಮಡಚದ ಬೆರಳು, ಅದರಾಚೆ ಬಳೆ, ಅರ್ಧ ಬಳೆ, ಹಸಿರು, ಅರ್ಧ