ಬಾವಿ ಹತ್ರ

“ಬಾವಿ ಎಲ್ಲಿದೆಯೇ ಇಲ್ಲಿ, ದರಿದ್ರ ಮುಂಡೆ? ಇದು ರನ್‌ವೇ. ಕಂಬದ ನಂಬರು ಹೇಳೋಕೆ ನಿನಗೇನು ದಾಡಿ?”

ಸೂಪರ್‌ವೈಸರನ ಎಂಜಲು ದೊಡ್ಡಕ್ಕನ ಮುಖಕ್ಕೆ ಸಿಡಿಯಿತು. ಅವಳ ಅಂಗೈಯಲ್ಲಿ ಒಂದು ಬೋಲ್ಟು ಇತ್ತು.

ಯುದ್ಧವಿಮಾನಗಳ ಆ ರನ್‌ವೇ ಮೇಲೆ ದಿನಾ ಬೆಳಿಗ್ಗೆ ಹನ್ನೆರಡು ಹೆಂಗಸರು ಸಾಲಾಗಿ, ಸೊಂಟ ಬಗ್ಗಿಸಿ ನಡೆದು ಕಲ್ಲು, ಮೊಳೆ ಆರಿಸುತ್ತಾರೆ. ಒಂದು ಹರಳು ಎಂಜಿನ್ನಿಗೆ ಹೊಕ್ಕರೂ ವಿಮಾನ ಹಾಳು. ಏನಾದರೂ ಸಿಕ್ಕರೆ ಎಲ್ಲಿ ಸಿಕ್ಕಿತೆಂದು ಹೇಳಬೇಕು. ಆ ಜಾಗ ತಪಾಸಣೆಯಾಗುವವರೆಗೆ ಒಂದೂ ವಿಮಾನ ಏಳುವಂತಿಲ್ಲ. ಅಂಚಿನ ಕಂಬಗಳಿಗೆಲ್ಲ ನಂಬರು ಬರೆದಿದೆ. ಆದರೆ ಇವರ ಬಾಯಿಗೆ ಮೊದಲು ಬರುವುದು ಕಣ, ಹುಣಸೆಮರ, ಬಾವಿ. ಇವರ ಊರು ಈ ಕಾಂಕ್ರೀಟಿನ ಅಡಿಯಲ್ಲಿದೆ.

ಬಾವಿ ತೋಡಿದವನು ದೊಡ್ಡಕ್ಕನ ಅಪ್ಪ. ಯುದ್ಧ ಮುಗಿದ ಮೇಲೆ ಊರು ವಾಪಸ್ ಕೊಡುತ್ತೇವೆಂದು ಎಲ್ಲರನ್ನೂ ಎಬ್ಬಿಸಿದರು. ಯುದ್ಧ ಮುಗಿಯಿತು. ನೆರೆ ಬಂದಾಗ ಇಲ್ಲಿಂದಲೇ ಅಕ್ಕಿಮೂಟೆ ಹಾರಿದವು, ಮಂತ್ರಿಗಳು ಇಳಿದು ಕೈ ಬೀಸಿದರು, ಹಳೆ ವಿಮಾನ ಹೋಗಿ ಹೊಸವು ಬಂದವು. ವಾಪಸ್ ಎಂಬ ಮಾತನ್ನು ಮಾತ್ರ ಎಲ್ಲರೂ ನುಂಗಿ ನೀರು ಕುಡಿದರು.

ಇವತ್ತು ಈ ವಾಯುನೆಲೆಗೆ ಐವತ್ತು ವರ್ಷ. ಶಾಮಿಯಾನದ ತುಂಬ ಅತಿಥಿಗಳು. ರನ್‌ವೇ ತುದಿಯಲ್ಲಿ ಹಾರಲು ಸಿದ್ಧವಾದ ಮೂರು ವಿಮಾನ. ದೊಡ್ಡ ಸಾಹೇಬರ ಭಾಷಣ ಮೈಕಿನಲ್ಲಿ ಇಲ್ಲಿಗೂ ಕೇಳುತ್ತಿತ್ತು:

“ಅವತ್ತು ಇಲ್ಲಿ ಏನೂ ಇರಲಿಲ್ಲ. ಒಂದು ನರಪಿಳ್ಳೆಯೂ ಇರಲಿಲ್ಲ.”

ದೊಡ್ಡಕ್ಕನ ಮೈಯೆಲ್ಲ ಉರಿದುಹೋಯಿತು.

“ಇನ್ನೊಂದ್ಸಲ ಬಾವಿ ಅಂದ್ರೆ ಪಾಸ್ ಕಿತ್ಕೊಂಡು ಗೇಟಾಚೆ ದಬ್ತೀನಿ,” ಎಂದ ಸೂಪರ್‌ವೈಸರ್. “ಬೇಗ ಬೊಗಳು, ಯಾವ ನಂಬರು?”

ಹದಿನಾಲ್ಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಆ ಪಾಸಿನಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು.

“ಏನೂ ಇಲ್ದಿರೋ ಕಡೆ ನಮ್ಮಪ್ಪ ಬಾವಿ ತೋಡಿದ್ನೇನೋ?” ಎಂದಳು. “ಬರ್ಕೋ. ಬಾವಿ ಹತ್ರ.”

ಕುತ್ತಿಗೆಯ ಪಾಸನ್ನು ತಾನೇ ಕಿತ್ತು ರನ್‌ವೇ ಮೇಲೆ ಎಸೆದಳು. ಸೂಪರ್‌ವೈಸರ್ ಬಿಳಿಚಿಕೊಂಡು, ಸಾಲಿನಲ್ಲಿ ಅವಳ ಪಕ್ಕದಲ್ಲೇ ಇದ್ದ ನಾದಿನಿಯ ಕಡೆ ತಿರುಗಿದ.

“ನೀನಾದ್ರೂ ಹೇಳಮ್ಮ. ಎಲ್ಲಿ ಸಿಕ್ತು?”

ನಾದಿನಿ ಅತ್ತಿಗೆಯ ಮುಖ ನೋಡಿದಳು. ಅವಳಿಗೂ ನಂಬರು ಗೊತ್ತಿತ್ತು.

“ಬಾವಿ ಹತ್ರ, ಸ್ವಾಮಿ,” ಎಂದು ತನ್ನ ಪಾಸನ್ನೂ ಎಸೆದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಅವಳ ಆಚೆಯವಳು.

ಮೈಕು, ಈಗ ನಮ್ಮ ವಿಮಾನಗಳು ಮೇಲೇಳಲಿವೆ ಎಂದಿತು. ಚಪ್ಪಾಳೆ ಬಿತ್ತು. ಗಾಳಿಗೆ ಪಾಸುಗಳು ರನ್‌ವೇ ಉದ್ದಕ್ಕೂ ಉರುಳತೊಡಗಿದವು. ಸೂಪರ್‌ವೈಸರ್ ಸೊಂಟ ಬಗ್ಗಿಸಿ ಒಂದೊಂದನ್ನೇ ಆರಿಸುತ್ತ ಓಡಿದ.