ದೇವಕಿಯ ಬಟನ್ ಗುಲಾಬಿಗಳು

ಐಸಿನ ಗಡ್ಡೆಯನ್ನು ಗೋಣಿತಾಟಿನಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ಬಂದವನು ಮೊದಲ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟ. ಅಲ್ಲಿಂದ ಮೇಲೆ ಪ್ರತಿ ಮೆಟ್ಟಿಲಿನ ಅಂಚಿಗೂ ಒಂದೊಂದು ಪುಟ್ಟ ಕುಂಡ, ಕುಂಡದಲ್ಲಿ ಗೇಣುದ್ದದ ಗುಲಾಬಿ ಗಿಡ. ಇವನ್ನು ತೆಗೆಯದೆ ಹತ್ತಲಾರೆ, ಜಾರಿ ಬಿದ್ದರೆ ಯಾರು ಹೊಣೆ ಎಂದು ಹಿಂದಿಯಲ್ಲಿ ಗೊಣಗಿದ. ಲಾವಣ್ಯಾ ಇಳಿದು ಬಂದು ಕೈಗೊಂದರಂತೆ ಕುಂಡಗಳನ್ನು ಎತ್ತಿ ತನ್ನ ಕೋಣೆಗೆ ಸಾಗಿಸತೊಡಗಿದಳು. ಅವನ ಬೆನ್ನಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮುಂಜಾನೆ ತಂದ ಐಸು ಹತ್ತು ಗಂಟೆಗೆಲ್ಲ ಕರಗಿಹೋಗಿತ್ತು. ಏಪ್ರಿಲ್ ಇನ್ನೂ ಅರ್ಧ ಕಳೆದಿರಲಿಲ್ಲ. ದೆಹಲಿಯ ಮುಖರ್ಜಿ ನಗರದ ಗಲ್ಲಿಯಲ್ಲಿ ಆಗಲೇ ಬಿಸಿಗಾಳಿ ಏಳುತ್ತಿತ್ತು.

ಎರಡನೇ ಮಹಡಿಯ ನಡುಕೋಣೆಯಲ್ಲಿ ದೇವಕಿಯನ್ನು ಮಲಗಿಸಿದ್ದರು. ಹಿಂದಿನ ಸಂಜೆ ತಾರಸಿಯ ಮೇಲೆ ಗಿಡಗಳಿಗೆ ನೀರು ಹಾಕುತ್ತಿದ್ದವರು ಎದೆ ಹಿಡಿದಂತಾಗುತ್ತಿದೆ ಎಂದು ಕೂತರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅರವತ್ತಮೂರು ವರ್ಷ. ಕೇಂದ್ರ ಸರ್ಕಾರದ ಕಚೇರಿಯೊಂದರ ಡಿಸ್ಪ್ಯಾಚ್ ವಿಭಾಗದಲ್ಲಿ ಮೂವತ್ತೇಳು ವರ್ಷ ಕಾಗದಗಳಿಗೆ ಮೊಹರು ಒತ್ತಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಇದ್ದ ಎರಡು ಕೋಣೆಗಳಲ್ಲಿ ಒಂದನ್ನು ಕರ್ನಾಟಕದಿಂದ ಐಎಎಸ್ ಪರೀಕ್ಷೆಗೆ ಓದಲು ಬರುವ ಹುಡುಗಿಯರಿಗೆ ಬಿಟ್ಟುಕೊಡುತ್ತಿದ್ದರು. ದಾವಣಗೆರೆಯ ಲಾವಣ್ಯಾ ಅಂಥ ಐದನೆಯವಳು. ಮರುದಿನ ಬೆಳಗ್ಗೆ ಅವಳ ಇಂಟರ್ವ್ಯೂ ಇತ್ತು. ಅದು ಅವಳ ಕೊನೆಯ ಅವಕಾಶ.

ದೇವಕಿಯ ಜೊತೆ ಕೆಲಸ ಮಾಡಿದ್ದ ಚಂದ್ರಮೋಹನ ವ್ಯಾನು, ಪುರೋಹಿತರು, ಸ್ಮಶಾನ ಎಲ್ಲವನ್ನೂ ಏರ್ಪಾಡು ಮಾಡಿಕೊಂಡು ಬಂದಿದ್ದರು. ಹನ್ನೊಂದಕ್ಕೆ ಹೊರಡಬೇಕಿತ್ತು. ಅವರು ಕೆಳಗಿಳಿದು ವ್ಯಾನಿನವನಿಗೆ ಸಮಾಧಾನ ಹೇಳಿ ಬಂದರು, ಗಡಿಯಾರ ನೋಡಿದರು, ಮತ್ತೆ ಇಳಿದರು. ಕೊನೆಗೆ ಲಾವಣ್ಯಾಳನ್ನು ಬಾಲ್ಕನಿಗೆ ಕರೆದರು.

"ಅವರ ಅಣ್ಣ ಬರ್ತೀನಿ ಅಂದ್ರೇನಮ್ಮ?"

"ಕಾಯಬೇಡಿ, ಮುಗಿಸಿಬಿಡಿ ಅಂದ್ರು."

"ಮತ್ತೆ ಯಾರಿಗೆ ಕಾಯ್ತಾ ಇದೀವಿ?"

"ಬರಲ್ಲ ಅಂತ ಅನ್ನಲಿಲ್ಲ, ಅಂಕಲ್. ಬೆಳಗ್ಗೆಯಿಂದ ಫೋನ್ ಆಫ್ ಆಗಿದೆ. ವಿಮಾನದಲ್ಲಿದ್ರೆ ಆಫ್ ಇರುತ್ತಲ್ಲ."

ಚಂದ್ರಮೋಹನ ಅವಳ ಮುಖ ನೋಡಿದರು. ತಾನೇ ಬೆಂಕಿ ಕೊಡಲು ಸಿದ್ಧ, ದೇವಕಿ ತನಗೆ ಅಕ್ಕನಿದ್ದ ಹಾಗೆ ಎಂದರು. ಈ ಸೆಖೆಯಲ್ಲಿ ದೇಹವನ್ನು ಇಟ್ಟುಕೊಳ್ಳುವುದು ಅವರಿಗೇ ಅವಮಾನ ಎಂದರು. ನಾಳೆ ನಿನ್ನ ಇಂಟರ್ವ್ಯೂ ಇದೆ, ಮರೆತೆಯಾ ಎಂದೂ ಕೇಳಿದರು. ಮನೆಯೊಡತಿ ಕೌರ್ ಆಂಟಿ ಒಳಗಿನಿಂದ ಅದನ್ನೇ ಹಿಂದಿಯಲ್ಲಿ ಹೇಳಿದರು. ಲಾವಣ್ಯಾ ನಾಲ್ಕು ಗಂಟೆಯವರೆಗೆ ಅಂತ ಬೇಡಿಕೊಂಡಳು. ನಾಲ್ಕಕ್ಕೆ ಹೊರಟರೂ ಸೂರ್ಯ ಮುಳುಗುವ ಮೊದಲು ಮುಗಿಯುತ್ತದೆ.

ಆಮೇಲೆ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಕೋಣೆಗೆ ಹೋಗಿ ನೋಟ್ಸು ತೆರೆದಳು, ಒಂದು ಸಾಲನ್ನು ಮೂರು ಸಲ ಓದಿ ಮುಚ್ಚಿದಳು. ಗಲ್ಲಿಯಲ್ಲಿ ಆಟೋ ನಿಂತ ಸದ್ದಾದರೆ ಎದ್ದು ಹೋಗಿ ಬಗ್ಗಿ ನೋಡುತ್ತಿದ್ದಳು. ಪ್ರತಿ ಸಲವೂ ಕೋಚಿಂಗ್ ಕ್ಲಾಸಿಗೆ ಬಂದ ಯಾರೋ ಹುಡುಗರು.

*

ಮೂರು ವರ್ಷದ ಹಿಂದೆ ಈ ಕೋಣೆಗೆ ಬಂದ ಹೊಸತರಲ್ಲಿ ಲಾವಣ್ಯಾ ದೇವಕಿಯೊಡನೆ ಜಗಳವಾಡಿದ್ದಳು. ಅವಳ ಮಂಚದ ಎದುರಿಗೇ ನಾಲ್ಕು ಹಂತದ ಕಬ್ಬಿಣದ ಕಪಾಟು, ಹಂತಕ್ಕೆರಡು ಟ್ಯೂಬ್‌ಲೈಟು, ಅವುಗಳ ಕೆಳಗೆ ಕುಂಡಗಳು. ಡಿಸೆಂಬರಿನ ಮಂಜಿಗೆ ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಎಳೆಯ ಗಿಡಗಳೆಲ್ಲ ತಾರಸಿಯಿಂದ ಒಳಗೆ ಬರುತ್ತಿದ್ದವು. ದಿನಕ್ಕೆ ಹದಿನಾಲ್ಕು ಗಂಟೆ ದೀಪ ಉರಿಯಬೇಕು. ಕಣ್ಣಿಗೆ ಹೊಡೆಯುತ್ತೆ ಆಂಟಿ, ತಲೆನೋವು ಬರುತ್ತೆ ಎಂದು ಲಾವಣ್ಯಾ ಸಿಡಿಮಿಡಿಗೊಂಡಳು. ದೇವಕಿ ಅವಳ ಮೇಜನ್ನು ಎಳೆದು ಕಪಾಟಿನ ಪಕ್ಕಕ್ಕೆ ತಂದಿಟ್ಟರು.

"ದೀಪ ಹೇಗೂ ಉರೀತಿರುತ್ತೆ. ನೀನೂ ಓದ್ಕೊ."

ಅವಳು ಅಲ್ಲೇ ಓದಿದಳು. ಮೊದಲ ವರ್ಷ ಪ್ರಿಲಿಮ್ಸಿನಲ್ಲಿ ಹೋಯಿತು, ಎರಡನೆಯ ವರ್ಷ ಮೇನ್ಸಿನಲ್ಲಿ. ಫಲಿತಾಂಶ ಬಂದ ದಿನ ದೇವಕಿ ಸಮಾಧಾನ ಹೇಳಲಿಲ್ಲ. ಕತ್ತರಿ ಕೊಟ್ಟು, ಹೂ ಬಾಡಿದ ರೆಂಬೆಗಳನ್ನು ಐದೆಲೆಯ ಗೊಂಚಲು ಮೂಡಿದ ಕಡೆ ಕತ್ತರಿಸುವುದನ್ನು ಕಲಿಸಿದರು. ಸಂಜೆಯ ತನಕ ಇಬ್ಬರೂ ತಾರಸಿಯಲ್ಲೇ ಇದ್ದರು.

ಆ ಸಂಜೆ ದೇವಕಿ ತನ್ನ ಮನೆಯ ಕತೆ ಹೇಳಿದ್ದು. ಎಂಬತ್ತಮೂರರ ಜನವರಿಯಲ್ಲಿ ತಿಪಟೂರಿನಿಂದ ತಂತಿ ಬಂತು: ಅಪ್ಪನ ಸ್ಥಿತಿ ಗಂಭೀರ, ಕೂಡಲೇ ಹೊರಡು. ಎರಡು ರಾತ್ರಿ ರೈಲಿನಲ್ಲಿ ಕೂತು ಹೋದರೆ ಹಿತ್ತಿಲ ಹಗ್ಗದ ಮೇಲೆ ಅಪ್ಪನ ಪಂಚೆ ಒಗೆದು ಹರವಿದ್ದರು. ಯಾಕೆ ಕಾಯಲಿಲ್ಲ ಎಂದು ಕೇಳಿದ್ದಕ್ಕೆ ಅಣ್ಣ ಇಂದುಶೇಖರ, ನೀನು ಬರೋದು ಯಾವ ಕಾಲಕ್ಕೋ ಎಂದುಬಿಟ್ಟ.

"ತಂತಿ ನನ್ನ ಚೀಲದಲ್ಲೇ ಇತ್ತು," ಎಂದಿದ್ದರು ದೇವಕಿ. "ನನ್ನ ಕಣ್ಣಿಗೆ ಮೊದಲು ಬೀಳೋದೇ ತಾರೀಖು, ವೇಳೆ. ಅವನು ತಂತಿ ಕೊಟ್ಟಿದ್ದು ಸಂಜೆ ನಾಲ್ಕಕ್ಕೆ. ಅಪ್ಪನಿಗೆ ಬೆಂಕಿ ಇಟ್ಟಿದ್ದು ಅವತ್ತೇ ಮಧ್ಯಾಹ್ನ ಅಂತ ಪಕ್ಕದ ಮನೆ ಸೀತಮ್ಮ ಹೇಳಿದ್ರು."

"ನೀವು ಕೇಳಲಿಲ್ವಾ ಅವರನ್ನ?"

"ಕೇಳಿದ್ರೆ ಅವನು ಏನಾದ್ರೂ ಹೇಳಬೇಕಾಗ್ತಿತ್ತು."

ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೆಳೆಸಿದ್ದ ಬಟನ್ ಗುಲಾಬಿಯ ನಾಲ್ಕು ಕಡ್ಡಿಗಳನ್ನು ಮುರಿದು, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಸೋಪಿನ ಡಬ್ಬಿಯಲ್ಲಿಟ್ಟುಕೊಂಡು ದೇವಕಿ ದೆಹಲಿಯ ರೈಲು ಹತ್ತಿದರು. ಮೂರು ಒಣಗಿದವು. ಒಂದು ಬೇರು ಬಿಟ್ಟಿತು. ತಾರಸಿ, ಮೆಟ್ಟಿಲು, ಕಪಾಟುಗಳಲ್ಲಿದ್ದ ಗಿಡಗಳೆಲ್ಲ ಆ ಒಂದು ಕಡ್ಡಿಯಿಂದ ವರ್ಷವರ್ಷವೂ ಕತ್ತರಿಸಿ ನೆಟ್ಟವು. ದೇವಕಿ ಮತ್ತೆ ಊರಿಗೆ ಹೋಗಲಿಲ್ಲ. ಅಣ್ಣನ ಫೋನ್ ನಂಬರನ್ನು ಮಾತ್ರ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದರು.

*

ಮೂರೂವರೆಗೆ ಇಂದುಶೇಖರ ಬಂದರು. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು ಅರವತ್ತೇಳು, ಕೈಯಲ್ಲೊಂದು ಸಣ್ಣ ಚೀಲ. ರಾತ್ರಿಯೇ ಬೆಂಗಳೂರಿಗೆ ಬಂದು ಸಿಕ್ಕ ವಿಮಾನ ಹತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ. ಮೊಬೈಲು ಆಫ್ ಮಾಡಲು ಹೇಳಿದವರು ಮತ್ತೆ ಆನ್ ಮಾಡುವುದು ಹೇಗೆಂದು ಹೇಳಿರಲಿಲ್ಲ. ಬಾಗಿಲಲ್ಲಿ ನಿಂತವರು ಒಳಗೆ ಬರಲಿಲ್ಲ.

"ಇನ್ನೂ ಇಟ್ಟಿದೀರಾ?" ಎಂದರು.

"ನಿಮಗೇ ಕಾಯ್ತಿದ್ವಿ, ಸರ್."

"ನಾನು ಬೇಡ ಅಂದಿದ್ದೆನಲ್ಲ. ಬೂದಿಯಾದ್ರೂ ಸಿಗುತ್ತೆ ಅಂತ ಹೊರಟೆ."

ಚಂದ್ರಮೋಹನ, ಚಲೋ, ಹೊತ್ತಾಯಿತು ಎಂದು ಎಲ್ಲರನ್ನೂ ಎಬ್ಬಿಸಿದರು. ಸ್ನಾನಕ್ಕೆಂದು ಲಾವಣ್ಯಾ ಇಂದುಶೇಖರರನ್ನು ತನ್ನ ಕೋಣೆಯ ಮೂಲಕ ಕರೆದೊಯ್ಯುವಾಗ ಅವರು ಕಪಾಟಿನ ಮುಂದೆ ನಿಂತರು. ನಡು ಹಂತದ ಗಿಡವೊಂದು ಮೈತುಂಬ ಹೂ ಬಿಟ್ಟಿತ್ತು. ಕೋಟಿನ ಗುಂಡಿಯಷ್ಟೇ ಹೂವು, ತಿಳಿಗೆಂಪು, ಎಸಳಿನ ಬುಡದಲ್ಲಿ ಬಿಳಿ. ಅವರು ಬಗ್ಗಿದರು, ಮೂಸಲಿಲ್ಲ, ಮುಟ್ಟಲಿಲ್ಲ.

"ಇದು ನಮ್ಮ ಹಿತ್ತಿಲದ್ದು," ಎಂದರು. ನೆಟ್ಟಗೆ ನಿಂತು, "ಅಲ್ಲಿ ಈಗ ಇಲ್ಲ. ಬಚ್ಚಲು ಕಟ್ಟಿಸೋಕೆ ನಾನೇ ಕೀಳಿಸಿದೆ."

ಯಮುನೆಯ ದಂಡೆಯ ವಿದ್ಯುತ್ ಚಿತಾಗಾರದಲ್ಲಿ ಸರದಿಯಲ್ಲಿ ಇವರಿಗಿಂತ ಮುಂದೆ ಇನ್ನೆರಡು ದೇಹಗಳಿದ್ದವು. ಹೆಂಗಸರು ಬರುವುದು ಬೇಡವೆಂದು ಪುರೋಹಿತರು ಹೇಳಿದ್ದರೂ ಲಾವಣ್ಯಾ ವ್ಯಾನು ಹತ್ತಿದ್ದಳು, ಯಾರೂ ಇಳಿಸಲಿಲ್ಲ. ಇಂದುಶೇಖರ ಒದ್ದೆ ಪಂಚೆಯಲ್ಲಿ ಸಿಮೆಂಟಿನ ಕಟ್ಟೆಯ ಉದ್ದಕ್ಕೂ ಹೋಗುತ್ತಿದ್ದರು, ತಿರುಗಿ ಬರುತ್ತಿದ್ದರು. ಚಂದ್ರಮೋಹನ ಕೂತ್ಕೊಳ್ಳಿ ಎಂದು ಎರಡು ಸಲ ಹೇಳಿ ನೋಡಿದರು. ಐದನೆಯದೋ ಆರನೆಯದೋ ಸುತ್ತಿನಲ್ಲಿ ಇಂದುಶೇಖರ ಲಾವಣ್ಯಾಳ ಎದುರು ನಿಂತರು.

"ಯಾಕಮ್ಮ ಕಾಯ್ದೆ ನೀನು?"

"ಆಂಟಿ ನಿಮ್ಮ ವಿಷಯ ಹೇಳಿದ್ರು."

"ಏನು ಹೇಳಿದ್ಲು?"

ಅವಳು ಬಾಯಿ ತೆರೆಯುವ ಮೊದಲೇ ಅವರು ತಾವೇ ಹೇಳತೊಡಗಿದರು. ಅಪ್ಪ ಹದಿನೆಂಟು ದಿನ ಹಾಸಿಗೆ ಹಿಡಿದಿದ್ದರು. ಗಂಜಿ ಕುಡಿಸಿದ್ದು, ಮೈ ಒರೆಸಿದ್ದು ಇವರು. ಅಪ್ಪ ಕಣ್ಣು ಬಿಟ್ಟಾಗಲೆಲ್ಲ ಕೇಳಿದ್ದು ದೇವಕಿ ಬಂದಳಾ ಅಂತ. ಅವಳಿಗೆ ಬರೆದಿದ್ದೀನಿ ಎಂದು ಇವರು ಸುಳ್ಳು ಹೇಳುತ್ತಿದ್ದರಂತೆ.

"ನಾನು ಪಕ್ಕದಲ್ಲೇ ಇದ್ದೆ. ಒಂದು ದಿನವೂ ನನ್ನ ಹೆಸರು ಕರೆಯಲಿಲ್ಲ. ತಂತಿ ಕೊಟ್ಟಿದ್ದು ಎಲ್ಲ ಮುಗಿದ ಮೇಲೆ." ಅವರ ಕೈ ಜನಿವಾರವನ್ನು ಹಿಡಿದೆಳೆಯುತ್ತಿತ್ತು. "ಇಪ್ಪತ್ತೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಲೇ ಇಲ್ಲ."

ಲಾವಣ್ಯಾ ನದಿಯ ಕಡೆ ನೋಡಿದಳು. ಹೌದು, ಗೊತ್ತಾಗಿರಲಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು.

"ಗೊತ್ತಿತ್ತು, ಸರ್. ತಂತಿ ಮೇಲೆ ವೇಳೆ ಇತ್ತಂತೆ."

"ಆಗಲೇ?"

"ಊರಿಗೆ ಬಂದ ದಿನಾನೇ."

ಅವರು ಕಟ್ಟೆಯ ಮೇಲೆ ಕೂತರು. ಅಲ್ಲಿಗೆ ಬಂದ ಮೇಲೆ ಮೊದಲ ಸಲ ಕೂತದ್ದು. ಇವರ ಸರದಿ ಬಂದಾಗಲೂ ಏಳಲಿಲ್ಲ. ಚಂದ್ರಮೋಹನ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಒಳಗೆ ದೇಹವನ್ನು ಹಳಿಯ ಮೇಲಿನ ತಳ್ಳುಗಾಡಿಯಲ್ಲಿಟ್ಟು ಕೆಲಸದವನು ಕುಲುಮೆಗೆ ತಳ್ಳಲು ಬಂದಾಗ ಇಂದುಶೇಖರ ಅದರ ಕಬ್ಬಿಣದ ಅಂಚನ್ನು ಹಿಡಿದುಕೊಂಡರು. ಬಿಡಿ ಎಂದು ಅವನು ಹಿಂದಿಯಲ್ಲಿ ಹೇಳಿದ, ಹಿಂದೆ ಇನ್ನೂ ಜನ ಇದ್ದಾರೆ ಎಂದ. ಅವರಿಗೆ ಹಿಂದಿ ಬರುತ್ತಿರಲಿಲ್ಲ. ಚಂದ್ರಮೋಹನ ಕನ್ನಡದಲ್ಲಿ ಹೇಳಲು ಹೋಗಿ ನಿಲ್ಲಿಸಿದರು. ಯಾರೂ ಅವರ ಬೆರಳು ಬಿಡಿಸಲಿಲ್ಲ. ಒಂದೆರಡು ನಿಮಿಷದ ಮೇಲೆ ಅವರೇ ಕೈ ತೆಗೆದರು.

*

ವಾಪಸು ಹೋಗಬೇಕಿದ್ದ ಅಂದಿನ ರಾತ್ರಿಯ ವಿಮಾನಕ್ಕೆ ಇಂದುಶೇಖರ ಹೋಗಲಿಲ್ಲ. ಮರುದಿನ ಬೆಳಗ್ಗೆ ಏಳೂವರೆಗೆ ಲಾವಣ್ಯಾ ಇಸ್ತ್ರಿ ಮಾಡಿದ ಸೀರೆಯುಟ್ಟು ಫೈಲು ಹಿಡಿದು ತಾರಸಿಗೆ ಹತ್ತಿದಳು, ಇಂದುಶೇಖರರಿಗೆ ಹೋಗಿಬರುತ್ತೇನೆಂದು ಹೇಳಲು. ಅವರು ಬೆಳಗಾಗುತ್ತಲೇ ಅಲ್ಲಿಗೆ ಹೋಗಿದ್ದರು. ಎಲೆಗಳೆಲ್ಲ ಯಾಕೆ ಮಂಕಾಗಿವೆ ಎಂದು ಕೇಳಿದರು. ಬಿಸಿಗಾಳಿ ಬೀಸತೊಡಗಿದರೆ ಎಲೆಯಡಿ ಕೆಂಪು ನುಸಿ ಕೂರುತ್ತದೆ, ಒಂದೊಂದೇ ಎಲೆಯನ್ನು ತಿರುಗಿಸಿ ತೊಳೆಯಬೇಕು, ಎಲ್ಲ ಗಿಡಕ್ಕೂ ಅರ್ಧ ದಿನ ಹಿಡಿಯುತ್ತದೆ ಎಂದಳು.

ಅವರು ತಲೆಯಾಡಿಸಿ, "ನೀನು ಹೋಗಮ್ಮ, ಹೊತ್ತಾಗುತ್ತೆ," ಎಂದರು.

ಗಲ್ಲಿಯಲ್ಲಿ ಆಟೋ ಹತ್ತುವಾಗ ಅವಳು ಕತ್ತೆತ್ತಿದಳು. ತಾರಸಿಯ ನಲ್ಲಿಯ ಪಕ್ಕದಲ್ಲಿ ಅವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಕಟಕಟೆಯ ಸಂದಿನಿಂದ ಅಷ್ಟೇ ಕಾಣುತ್ತಿತ್ತು: ಮಗುವಿನ ತಲೆ ತೊಳೆಯುವಂತೆ ಒಂದು ಗಿಡವನ್ನು ಎಡಗೈಯಲ್ಲಿ ವಾಲಿಸಿ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಉಗುರಿನಷ್ಟು ಎಲೆಯ ಬೆನ್ನನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಒರೆಸಿದ್ದನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಪಕ್ಕದ ಎಲೆಯನ್ನು ಮಗುಚಿದರು.